ಮತದಾರರ ಪಟ್ಟಿಯ ಅರ್ಜಿಗೂ ಹದವುಂಟು



ಹದ ನೋಡಿ ಬಿತ್ತಬೇಕೆಂಬುದನ್ನು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮತದಾರರ ಪಟ್ಟಿಗೆ ಕೊಡುವ ಅರ್ಜಿಗೂ ಹಾಗೆಯೇ ಹದವುಂಟು. ಮತದಾನದ ದಿನ ಮತಗಟ್ಟೆಯ ಬಾಗಿಲಲ್ಲಿ ನಿಂತು ಕೇಳಿದರೆ ಯಾವ ಅಧಿಕಾರಿಯೂ ಹೆಸರು ಸೇರಿಸಲಾರನು. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ.

ಮೊದಲು ಜನವರಿ 1ಕ್ಕೆ 18 ವರ್ಷ ತುಂಬಿದವರಿಗೆ ಮಾತ್ರ ಆ ವರ್ಷ ಹೆಸರು ಸೇರಿಸಲು ಅವಕಾಶವಿತ್ತು. ಜನವರಿ 2ರಂದು ಹುಟ್ಟಿದವರು ಇಡೀ ವರ್ಷ ಕಾಯಬೇಕಾಗಿತ್ತು. 2021ರಲ್ಲಿ ಕಾನೂನು ತಿದ್ದುಪಡಿಯಾಗಿ, 2022ರ ಆಗಸ್ಟ್ 1ರಿಂದ ಇದು ಬದಲಾಯಿತು. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. 17 ವರ್ಷ ದಾಟಿದವರು ಮುಂಗಡವಾಗಿಯೂ ಅರ್ಜಿ ಕೊಡಬಹುದು.

ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಆಕ್ಷೇಪಣೆಗೆ ಅಥವಾ ಹೆಸರು ತೆಗೆಸಲು ನಮೂನೆ 7. ತಪ್ಪು ತಿದ್ದಿಸಲು ಮತ್ತು ವಾಸಸ್ಥಳ ಬದಲಿಸಲು ನಮೂನೆ 8. ಹುಕ್ಕೇರಿಯ ಮಗಳು ಗೋಕಾಕಕ್ಕೆ ಸೊಸೆಯಾಗಿ ಬಂದು, ತವರಿನ ಪಟ್ಟಿಯಲ್ಲಿ ಹೆಸರಿದ್ದರೆ, ಆಕೆ ಕೊಡಬೇಕಾದುದು ನಮೂನೆ 8. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ.

ಅರ್ಜಿ ಬಂದ ಮೇಲೆ ಅದನ್ನು ಕಚೇರಿಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 7 ದಿನ ಬಿಡುತ್ತಾರೆ. ಬಳಿಕ ನೋಂದಣಾಧಿಕಾರಿ ತೀರ್ಮಾನಿಸುತ್ತಾನೆ. ಊರು ಬಿಟ್ಟಿದ್ದಾರೆಂದು ಯಾರದಾದರೂ ಹೆಸರು ತೆಗೆಯಬೇಕಾದರೆ, ಮೊದಲು ಅವರ ಮಾತು ಕೇಳಬೇಕೆಂದು ಕಾನೂನಿದೆ. ಕಬ್ಬು ಕಡಿಯಲು ಪರಸ್ಥಳಕ್ಕೆ ಹೋಗುವವರು ಇದನ್ನು ನೆನಪಿಡತಕ್ಕದ್ದು. ನೋಟೀಸು ಬಂದರೆ ಅವರಿಗೆ ತಿಳಿಸುವಂತೆ ಮನೆಯವರಿಗೂ ನೆರೆಯವರಿಗೂ ಹೇಳಿ ಹೋಗಬೇಕು.

ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ನ್ಯಾಯ ಸಿಗಲಿಲ್ಲವೆನಿಸಿದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು. ಆದುದರಿಂದ ಅರ್ಜಿಯ ರಸೀದಿಯನ್ನೂ ಆದೇಶದ ಪ್ರತಿಯನ್ನೂ ಜೋಪಾನವಾಗಿಡಿರಿ.

ಎಲ್ಲಕ್ಕಿಂತ ಮುಖ್ಯವಾದ ಗಡುವು ಇನ್ನೊಂದುಂಟು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದೊಡನೆ ಆ ಚುನಾವಣೆಯ ಮಟ್ಟಿಗೆ ಪಟ್ಟಿ ಮುಚ್ಚಿದಂತೆಯೇ. ಆಕ್ಷೇಪಣೆಗೇ 7 ದಿನ ಬೇಕಾಗುವುದರಿಂದ, ಕೊನೆಯ ಕ್ಷಣದ ಅರ್ಜಿಯಿಂದ ಆ ಚುನಾವಣೆಗೆ ಪ್ರಯೋಜನವಿಲ್ಲ. ಚುನಾವಣೆಯ ಸುದ್ದಿ ಏಳುವ ಮೊದಲೇ ಪಟ್ಟಿ ನೋಡಿಕೊಳ್ಳುವುದು ಜಾಣತನ.

ಇನ್ನೊಂದು ಸೂಚನೆ. ತಾಲೂಕಿನ ಹೆಸರೂ ವಿಧಾನಸಭಾ ಕ್ಷೇತ್ರದ ಹೆಸರೂ ಯಾವಾಗಲೂ ಒಂದೇ ಅಲ್ಲ. ಮೂಡಲಗಿ ಊರು ಅರಭಾವಿ ಕ್ಷೇತ್ರದಲ್ಲಿದೆ. ಹುಕ್ಕೇರಿ ತಾಲೂಕಿನ ಹಲವು ಹಳ್ಳಿಗಳು ಯಮಕನಮರಡಿ ಕ್ಷೇತ್ರಕ್ಕೆ ಸೇರಿವೆ. ಹೆಸರು ಹುಡುಕುವಾಗ ತಮ್ಮ ಕ್ಷೇತ್ರವನ್ನು ಮೊದಲು ಖಚಿತಪಡಿಸಿಕೊಳ್ಳಿರಿ.

ಅರ್ಜಿಯನ್ನು ಮತಗಟ್ಟೆ ಅಧಿಕಾರಿಯ ಕೈಗೆ ಅಥವಾ ತಹಶೀಲ್ದಾರರ ಕಚೇರಿಗೆ ಕೊಡಬಹುದು. 1950ಕ್ಕೆ ದೂರವಾಣಿ ಮಾಡಿ ವಿಚಾರಿಸಬಹುದು. ಓದುಬರಹ ಬಲ್ಲ ತರುಣರು ಒಂದು ಸಂಜೆ ಚಾವಡಿಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಲಿ. ಬಿಟ್ಟುಹೋದ ಹೆಸರು, ತೀರಿಕೊಂಡವರ ಹೆಸರು ಎರಡೂ ಅಂದೇ ಗೊತ್ತಾಗುತ್ತವೆ. ಊರಿಗೆ ಇದಕ್ಕಿಂತ ಕಡಿಮೆ ಖರ್ಚಿನ ಸೇವೆ ಮತ್ತೊಂದಿಲ್ಲ.