ಮುಪ್ಪಿನಲ್ಲೂ ಮೆದುಳು ಚಿಗುರೀತೆ?

‘ಅಜ್ಜಾರ ತಲಿ ಈಗ ಓಡೂದಿಲ್ಲ, ಅವರನ್ನೇನ ಕೇಳತೀರಿ?’ ಈ ಮಾತು ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ನಮ್ಮ ಅಂಗಡಿ-ಮನೆಗಳಲ್ಲಿ ಹೊಸದೇನೂ ಅಲ್ಲ. ಐವತ್ತು ವರ್ಷ ಗಾದಿಯ ಮೇಲೆ ಕುಳಿತು, ಯಾವ ಊರಿನ ಯಾವ ಗಿರಾಕಿಯ ಉದ್ರಿ ಎಷ್ಟು ಬಾಕಿಯಿದೆ ಎಂಬುದನ್ನು ಖಾತೆವಹಿ ತೆರೆಯದೆಯೇ ಹೇಳುತ್ತಿದ್ದ ಹಿರಿಯರು ಒಂದು ದಿನ ಒಂದೇ ಹೆಸರಿನ ಇಬ್ಬರು ಗಿರಾಕಿಗಳನ್ನು ಅದಲುಬದಲು ಮಾಡುತ್ತಾರೆ. ಮತ್ತೊಂದು ದಿನ ಕೊಟ್ಟ ಹಣವನ್ನೇ ಮತ್ತೆ ಕೊಡಲು ಹೋಗುತ್ತಾರೆ. ಆಗ ಮಕ್ಕಳು ಗಲ್ಲಾಪೆಟ್ಟಿಗೆಯ ಕೀಲಿಕೈಯನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ವ್ಯಾಪಾರ ನಡೆಯಬೇಕಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೀಲಿಕೈಯ ಜೊತೆಗೆ ಹಿರಿಯರೊಡನೆ ಮಾತು, ಆಲೋಚನೆ ಕೇಳುವುದು, ಅವರ ಹೊರಗಿನ ಓಡಾಟ ಎಲ್ಲವೂ ನಿಂತುಹೋಗುತ್ತವೆ. ಕಾರಣ ಕೇಳಿದರೆ ‘ಮೆದುಳು ಸವೆದ ಮೇಲೆ ಮುಗಿಯಿತು, ಅದು ಮತ್ತೆ ಬೆಳೆಯುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇದು ಬರಿಯ ಲೋಕರೂಢಿಯಲ್ಲ. ಬಹುಕಾಲ ವಿಜ್ಞಾನವೇ ಇದನ್ನು ಕಲಿಸಿತು. ಆ ಪಾಠ ಹೇಗೆ ಸಡಿಲವಾಯಿತು, ಎಷ್ಟು ಸಡಿಲವಾಯಿತು ಎಂಬುದನ್ನು ಓದುಗ ಬಂಧುಗಳ ಮುಂದೆ ಇಡಬೇಕೆಂದು ನಮಗನ್ನಿಸಿದೆ.

ಯಾರೂ ನಂಬದ ಸಂಶೋಧನೆ

ನರಕೋಶಗಳ ಸ್ವರೂಪವನ್ನು ಜಗತ್ತಿಗೆ ತೋರಿಸಿಕೊಟ್ಟವರು ಸ್ಪೇನ್ ದೇಶದ ಸಾಂಟಿಯಾಗೊ ರಾಮೋನ್ ಇ ಕಾಹಾಲ್. 1906ರಲ್ಲಿ ನೊಬೆಲ್ ಬಹುಮಾನ ಪಡೆದ ಈ ಮಹನೀಯರು, ಬೆಳೆದ ಮನುಷ್ಯನ ಮೆದುಳಿನಲ್ಲಿ ನರಕೋಶಗಳು ಸಾಯಬಲ್ಲವೇ ಹೊರತು ಮರಳಿ ಹುಟ್ಟಲಾರವು ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಹಿರಿಯರ ಮಾತು ಶಾಸ್ತ್ರವಾಯಿತು.

1962ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಜೋಸೆಫ್ ಆಲ್ಟ್‌ಮನ್ ಈ ಮಾತನ್ನು ಪ್ರಶ್ನಿಸಿದರು. ಕೋಶ ಎರಡಾಗಿ ಒಡೆಯುವಾಗ ತನ್ನ ಡಿಎನ್‌ಎಯನ್ನು ಹೊಸದಾಗಿ ನಕಲು ಮಾಡಿಕೊಳ್ಳಬೇಕಾಗುತ್ತದೆ. ಆ ನಕಲಿಗೆ ಬೇಕಾದ ವಸ್ತುವಿಗೆ ವಿಕಿರಣದ ಗುರುತು ಹಚ್ಚಿ ಇಲಿಗಳಿಗೆ ಕೊಟ್ಟರೆ, ಹೊಸದಾಗಿ ಹುಟ್ಟಿದ ಕೋಶಗಳಲ್ಲಿ ಮಾತ್ರ ಆ ಗುರುತು ಉಳಿಯುತ್ತದೆ. ಬೆಳೆದ ಇಲಿಗಳ ಮೆದುಳಿನಲ್ಲಿ ಅಂಥ ಗುರುತುಳ್ಳ ನರಕೋಶಗಳು ಕಂಡವು. 1965ರಲ್ಲಿ ಗೋಪಾಲ ದಾಸ್ ಅವರೊಡನೆ ಸೇರಿ ಆಲ್ಟ್‌ಮನ್ ಇನ್ನಷ್ಟು ವಿವರವಾದ ಲೇಖನ ಪ್ರಕಟಿಸಿದರು. ವಿದ್ವಾಂಸರ ಲೋಕ ಅದನ್ನು ಬಹುಮಟ್ಟಿಗೆ ಬದಿಗಿರಿಸಿತು. 1970ರ ದಶಕದಲ್ಲಿ ಮೈಕೇಲ್ ಕಾಪ್ಲಾನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇದನ್ನೇ ತೋರಿಸಿದಾಗಲೂ ನಂಬಿದವರು ಕಡಿಮೆ.

ಮುಂದೆ ಸಾಕ್ಷಿ ಹಕ್ಕಿಗಳಿಂದ ಬಂತು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ನಾಟೆಬೋಮ್ ಮತ್ತು ಸ್ಟೀವನ್ ಗೋಲ್ಡ್‌ಮನ್ ಕ್ಯಾನರಿ ಹಕ್ಕಿಗಳ ಹಾಡಿನ ಅಭ್ಯಾಸ ಮಾಡುತ್ತಿದ್ದರು. ಬೆಳೆದ ಹಕ್ಕಿಯಲ್ಲೂ ಹಾಡನ್ನು ನಿಯಂತ್ರಿಸುವ ಮೆದುಳಿನ ಭಾಗದಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ಅವರು 1983ರಲ್ಲಿ ತಿಳಿಸಿದರು. ಆದರೆ 1985ರಲ್ಲಿ ಪಾಸ್ಕೊ ರಾಕಿಚ್ ಎಂಬ ಹೆಸರಾಂತ ವಿಜ್ಞಾನಿ, ಬೆಳೆದ ಕೋತಿಗಳಲ್ಲಿ ಹೊಸ ನರಕೋಶ ತಮಗೆ ಕಾಣಲಿಲ್ಲವೆಂದು ಬರೆದರು. ಇಲಿಗೂ ಹಕ್ಕಿಗೂ ಸಲ್ಲುವ ಮಾತು ಮನುಷ್ಯನಿಗೆ ಸಲ್ಲದು ಎಂದೇ ಹೆಚ್ಚಿನವರು ತಿಳಿದರು. 1992ರಲ್ಲಿ ಕೆನಡಾದ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮ್ಯುಯೆಲ್ ವೈಸ್ ಬೆಳೆದ ಇಲಿಯ ಮೆದುಳಿನಿಂದ ತೆಗೆದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವುಗಳಿಂದ ನರಕೋಶಗಳು ಹುಟ್ಟುವುದನ್ನು ತೋರಿಸಿದ ಮೇಲೆ ವಾದದ ದಿಕ್ಕು ಬದಲಾಯಿತು.

ಬೀಜದ ಕೋಶ, ಬೆಳೆಯುವ ಬಗೆ

ಹೀಗೆ ಹೊಸ ಕೋಶಕ್ಕೆ ತಾಯಿಯಾಗುವ ಕೋಶವನ್ನು ಆಕರಕೋಶ ಅಥವಾ ಸ್ಟೆಮ್ ಸೆಲ್ ಎನ್ನುತ್ತಾರೆ. ಮೆದುಳಿನ ಎಲ್ಲೆಡೆ ಇವು ಇರುವುದಿಲ್ಲ. ಎರಡು ಕಿವಿಗಳ ಒಳಭಾಗಕ್ಕೆ, ಮೆದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು ಹಿಪ್ಪೊಕ್ಯಾಂಪಸ್ ಎಂಬ ಬಾಗಿದ ಭಾಗಗಳಿವೆ. ಕಡಲ್ಗುದುರೆಯ ಆಕಾರವೆಂದು ಈ ಹೆಸರು. ಕಂಡದ್ದು, ಕೇಳಿದ್ದು ನೆನಪಾಗಿ ನಿಲ್ಲಬೇಕಾದರೆ ಇದರ ನೆರವು ಬೇಕು. ಇದರೊಳಗಿನ ಒಂದು ಮಡಿಕೆಯ ಅಂಚಿನಲ್ಲಿ ಆಕರಕೋಶಗಳು ಬಹುಪಾಲು ನಿದ್ರಿಸುತ್ತಿರುವಂತೆ ಕುಳಿತಿರುತ್ತವೆ.

ಎಚ್ಚೆತ್ತ ಆಕರಕೋಶ ಎರಡಾಗಿ ಒಡೆದಾಗ ಸಾಮಾನ್ಯವಾಗಿ ಒಂದು ಪಾಲು ಮತ್ತೆ ಆಕರಕೋಶವಾಗಿಯೇ ಉಳಿಯುತ್ತದೆ. ಅಂಗಡಿಕಾರ ಮೂಲ ಬಂಡವಾಳವನ್ನು ಮುಟ್ಟದೆ ಹುಟ್ಟುವಳಿಯಲ್ಲಿ ವ್ಯವಹಾರ ಮಾಡಿದಂತೆ. ಇನ್ನೊಂದು ಪಾಲು ಹಲವು ಬಾರಿ ಒಡೆದು, ಎಳೆಯ ನರಕೋಶಗಳಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಕೆಲವೇ ದಿನ-ವಾರಗಳಲ್ಲಿ ಸಾಯುತ್ತವೆ. ಉಳಿದವು ರೆಂಬೆಗಳನ್ನು ಚಾಚಿ, ಒಂದು ಉದ್ದನೆಯ ಎಳೆಯನ್ನು ನೆರೆಯ ಭಾಗಕ್ಕೆ ಕಳಿಸಿ, ಹಳೆಯ ಕೋಶಗಳೊಡನೆ ಸಂಬಂಧ ಬೆಳೆಸುತ್ತವೆ. ಇಲಿಗಳಲ್ಲಿ ಇದಕ್ಕೆ ಒಂದೆರಡು ತಿಂಗಳು ಬೇಕಾಗುತ್ತದೆ. ಹೊಸ ಪಾಠ ಕಲಿಯುವ ಇಲಿಗಳಲ್ಲಿ ಬದುಕುಳಿಯುವ ಕೋಶಗಳು ಹೆಚ್ಚು ಎಂದು 1999ರಲ್ಲಿ ಎಲಿಜಬೆತ್ ಗೂಲ್ಡ್ ಮತ್ತು ಸಂಗಡಿಗರು ತೋರಿಸಿದರು. ಬಹುಕಾಲದ ಭಯ, ಒತ್ತಡಗಳಲ್ಲಿ ಹುಟ್ಟುವಿಕೆಯೇ ತಗ್ಗುತ್ತದೆ.

ಈ ಹೊಸ ಕೋಶಗಳ ಕೆಲಸವೇನು? ಒಂದಕ್ಕೊಂದು ಹೋಲುವ ಎರಡು ನೆನಪುಗಳನ್ನು ಬೇರೆಬೇರೆಯಾಗಿ ಇಡುವುದರಲ್ಲಿ ಇವು ನೆರವಾಗುತ್ತವೆ ಎಂದು ಇಲಿಗಳ ಪ್ರಯೋಗಗಳು ಹೇಳುತ್ತವೆ. ಒಂದೇ ಹೆಸರಿನ ಇಬ್ಬರು ಗಿರಾಕಿಗಳು, ನಿನ್ನೆಯ ಬಿಲ್ಲು ಮತ್ತು ಮೊನ್ನೆಯ ಬಿಲ್ಲು ಕಲೆಸಿಹೋಗದಿರುವುದು ಇಂಥ ಕೆಲಸವೇ.

ನಮ್ಮ ಶಾಸ್ತ್ರಗಳು ಮತಿಜ್ಞಾನದ ನಾಲ್ಕನೆಯ ಹಂತವನ್ನು ಧಾರಣೆ ಎಂದು ಕರೆದಿವೆ. ಅರಿತದ್ದನ್ನು ಹಿಡಿದಿಟ್ಟುಕೊಳ್ಳುವುದೆಂದು ಅದರ ಅರ್ಥ. ಹುಟ್ಟುವುದು, ಅಳಿಯುವುದು, ಉಳಿಯುವುದು ಮೂರೂ ಒಂದೇ ವಸ್ತುವಿನಲ್ಲಿ ಕೂಡಿವೆ ಎಂಬುದೂ ನಮಗೆ ಬಾಲ್ಯದಿಂದ ಪರಿಚಿತ. ಹೋಲಿಕೆ ಅರ್ಥಕ್ಕೆ ಅನುಕೂಲವೆಂದು ಇಲ್ಲಿ ನೆನೆಯುತ್ತೇವೆ. ಶಾಸ್ತ್ರದಲ್ಲಿ ಆಕರಕೋಶವನ್ನು ಹೇಳಿತ್ತು ಎಂದು ಹೆಮ್ಮೆಪಡುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ನ್ಯಾಯವಾಗದು.

ಐವರು ರೋಗಿಗಳು, ಒಂದು ಬಾಂಬಿನ ಗುರುತು

ಮನುಷ್ಯರ ಮೆದುಳಿನಲ್ಲಿ ಇದನ್ನು ನೋಡುವುದು ಹೇಗೆ? ದಾರಿ ತೋರಿದವರು ಐವರು ಕ್ಯಾನ್ಸರ್ ರೋಗಿಗಳು. ಗಡ್ಡೆಯ ಕೋಶಗಳ ಬೆಳವಣಿಗೆ ಅಳೆಯಲು ವೈದ್ಯರು ಅವರಿಗೆ ಬಿಆರ್‌ಡಿಯು ಎಂಬ ಗುರುತಿನ ವಸ್ತುವನ್ನು ಕೊಟ್ಟಿದ್ದರು. ಆಲ್ಟ್‌ಮನ್ ಇಲಿಗಳಿಗೆ ಹಾಕಿದಂಥದೇ ಗುರುತು ಅದು. ರೋಗಿಗಳು ತೀರಿಕೊಂಡ ಮೇಲೆ ಸ್ವೀಡನ್ನಿನ ಪೀಟರ್ ಎರಿಕ್ಸನ್ ಮತ್ತು ಅಮೆರಿಕದ ಫ್ರೆಡ್ ಗೇಜ್ ಅವರ ತಂಡ ಅವರ ಹಿಪ್ಪೊಕ್ಯಾಂಪಸನ್ನು ಪರೀಕ್ಷಿಸಿತು. ಅಲ್ಲಿ ಗುರುತುಳ್ಳ ಎಳೆಯ ನರಕೋಶಗಳಿದ್ದವು. 1998ರಲ್ಲಿ ಈ ವರದಿ ಬಂದಾಗ ಲೋಕ ಬೆರಗಾಯಿತು. ತಾವು ಬದುಕುವ ಆಸೆ ಉಳಿದಿರದ ದಿನಗಳಲ್ಲೂ ಈ ಐವರ ದೇಹದಲ್ಲಿ ಹೊಸ ಕೋಶಗಳು ಹುಟ್ಟುತ್ತಿದ್ದವು.

2013ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೆನ್ ಅವರ ತಂಡ ಇನ್ನೊಂದು ವಿಚಿತ್ರ ಉಪಾಯ ಬಳಸಿತು. 1955ರಿಂದ 1963ರವರೆಗೆ ಬಯಲಿನಲ್ಲಿ ನಡೆದ ಅಣುಬಾಂಬಿನ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಹೆಚ್ಚಾಯಿತು. 1963ರ ಒಪ್ಪಂದದ ನಂತರ ಅದು ವರ್ಷವರ್ಷವೂ ಇಳಿಯತೊಡಗಿತು. ಗಿಡಗಳ ಮೂಲಕ ಅನ್ನಕ್ಕೆ, ಅನ್ನದ ಮೂಲಕ ನಮ್ಮ ದೇಹಕ್ಕೆ ಬಂದ ಈ ಕಾರ್ಬನ್ ಕೋಶ ಹುಟ್ಟುವ ವೇಳೆಯಲ್ಲಿ ಅದರ ಡಿಎನ್‌ಎಯಲ್ಲಿ ಸೇರಿಬಿಡುತ್ತದೆ. ರೋಜುಕೀರ್ದಿಯ ಪುಟದ ಮೇಲಿನ ತಾರೀಖಿನಂತೆ ಅದು ಕೋಶದ ಜನ್ಮಕಾಲವನ್ನು ಹೇಳುತ್ತದೆ. ಹೀಗೆ ಲೆಕ್ಕ ಹಾಕಿದಾಗ ಬೆಳೆದ ಮನುಷ್ಯನ ಒಂದೊಂದು ಹಿಪ್ಪೊಕ್ಯಾಂಪಸಿನಲ್ಲಿ ದಿನಕ್ಕೆ ಸುಮಾರು 700 ಹೊಸ ನರಕೋಶಗಳು ಸೇರುತ್ತವೆ ಎಂದು ಕಂಡುಬಂತು. ಇಡೀ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿರುವುದರಿಂದ ಈ ಜಮಾ ಬಹಳ ಸಣ್ಣದು. ಲೋಕವನ್ನು ಸುಡಲು ಮಾಡಿದ ಆಯುಧದ ಬೂದಿಯಿಂದ ಜೀವದ ಹುಟ್ಟು ತಿಳಿಯಿತೆಂಬುದು ಮನಸ್ಸನ್ನು ಕಲಕುತ್ತದೆ.

ವಾದ ಇನ್ನೂ ನಿಂತಿಲ್ಲ

2018ರಲ್ಲಿ ಎರಡು ವರದಿಗಳು ಎದುರುಬದುರಾದವು. ಸ್ಯಾನ್ ಫ್ರಾನ್ಸಿಸ್ಕೊದ ತಂಡ, ಹೊಸ ನರಕೋಶಗಳ ಹುಟ್ಟು ಬಾಲ್ಯದಲ್ಲೇ ಇಳಿದು ಬೆಳೆದವರಲ್ಲಿ ಕಾಣಿಸುವುದಿಲ್ಲ ಎಂದಿತು. ಕೆಲವೇ ವಾರಗಳಲ್ಲಿ ನ್ಯೂಯಾರ್ಕಿನ ತಂಡ, 79 ವರ್ಷದವರೆಗಿನ ಮೆದುಳಿನಲ್ಲೂ ಅವು ಇವೆ ಎಂದಿತು. ಇಬ್ಬರೂ ಪ್ರಾಮಾಣಿಕರೇ. ಮರುವರ್ಷ ಸ್ಪೇನಿನ ಮರಿಯಾ ಯೊರೆನ್ಸ್-ಮಾರ್ಟಿನ್ ತಂಡ ಈ ಭೇದಕ್ಕೆ ಒಂದು ಕಾರಣ ಸೂಚಿಸಿತು. ಸತ್ತವರ ಮೆದುಳನ್ನು ಕೆಡದಂತೆ ಇಡುವ ರಾಸಾಯನಿಕದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಎಳೆಯ ಕೋಶದ ಗುರುತೇ ಅಳಿಸಿಹೋಗುತ್ತದೆ. ಎಚ್ಚರಿಕೆಯಿಂದ ಕಾಪಾಡಿದ ಮೆದುಳುಗಳಲ್ಲಿ 87 ವರ್ಷದ ವ್ಯಕ್ತಿಯಲ್ಲೂ ಎಳೆಯ ಕೋಶಗಳು ಕಂಡವು. ಅಲ್ಜೈಮರ್ಸ್ ರೋಗಿಗಳಲ್ಲಿ ಅವುಗಳ ಸಂಖ್ಯೆ ಕುಗ್ಗಿತ್ತು. 2025ರಲ್ಲಿ ಫ್ರಿಸೆನ್ ತಂಡ, ಒಡೆಯುತ್ತಿರುವ ತಾಯಿಕೋಶಗಳನ್ನೇ ಬೆಳೆದವರ ಮೆದುಳಿನಲ್ಲಿ ಗುರುತಿಸಿತು. ಅವು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಹೆಚ್ಚುಕಡಿಮೆಯಾಗಿದ್ದವು. ಸಾಕ್ಷಿಯ ತೂಕ ಈಗ ‘ಹುಟ್ಟುತ್ತವೆ’ ಎಂಬ ಕಡೆಗೆ ವಾಲಿದೆ. ಎಷ್ಟು, ಯಾರಲ್ಲಿ, ಎಷ್ಟು ಪ್ರಯೋಜನ ಎಂಬ ವಿಚಾರಣೆ ಮುಂದುವರಿದಿದೆ.

ನಮ್ಮ ಮನೆಗಳಿಗೆ ಇದರ ಪಾಠ

ಮೊದಲನೆಯದು, ಮೋಸಹೋಗಬಾರದು. ಮೆದುಳಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ಮರೆವು ಗುಣಪಡಿಸುತ್ತೇವೆ ಎಂದು ಲಕ್ಷಗಟ್ಟಲೆ ಕೇಳುವವರು ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕ್ಯಾನ್ಸರಿನಂಥ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಬದಲಾವಣೆಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ ಉಳಿದದ್ದು ಸಂಶೋಧನೆಯ ಹಂತದ್ದು. ಮರೆವಿಗೆ ಇಂಥ ಚಿಕಿತ್ಸೆ ಸಿದ್ಧವಾಗಿಲ್ಲ.

ಎರಡನೆಯದು, ಮರೆವೆಲ್ಲ ಮುಪ್ಪಲ್ಲ. ಸಸ್ಯಾಹಾರಿ ಮನೆಗಳಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಅದರಿಂದಲೂ ಮರೆವು ಬರುತ್ತದೆ. ಥೈರಾಯಿಡ್ ತೊಂದರೆ, ಖಿನ್ನತೆ, ಕಿವಿ ಮಂದವಾಗುವುದು ಕೂಡ ಮರೆವಿನಂತೆ ತೋರುತ್ತವೆ. ಇವನ್ನು ವೈದ್ಯರು ಪರೀಕ್ಷಿಸಿ ನೋಡಬಲ್ಲರು. ‘ವಯಸ್ಸಾಯಿತು’ ಎಂದು ಸುಮ್ಮನಿರಬಾರದು.

ಮೂರನೆಯದು, ನಡಿಗೆ ಮತ್ತು ಒಡನಾಟ. ಚಕ್ರದಲ್ಲಿ ಓಡುವ ಇಲಿಗಳಲ್ಲಿ ಹೊಸ ನರಕೋಶಗಳು ಹೆಚ್ಚುತ್ತವೆ ಎಂದು ಗೇಜ್ ತಂಡ 1999ರಲ್ಲಿ ತೋರಿಸಿತು. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದ ಅಧ್ಯಯನದ ವರದಿ 2011ರಲ್ಲಿ ಬಂತು. ವಾರಕ್ಕೆ ಮೂರು ದಿನ 40 ನಿಮಿಷ ಚುರುಕಾಗಿ ನಡೆದವರ ಹಿಪ್ಪೊಕ್ಯಾಂಪಸ್ ಒಂದು ವರ್ಷದಲ್ಲಿ ಸುಮಾರು 2 ಪ್ರತಿಶತ ಹಿಗ್ಗಿತು, ಕೈಕಾಲು ಎಳೆಯುವ ಹಗುರ ವ್ಯಾಯಾಮವನ್ನಷ್ಟೇ ಮಾಡಿದವರದು ಕುಗ್ಗಿತು. ಹಿಗ್ಗಿದ್ದು ಹೊಸ ಕೋಶಗಳಿಂದಲೇ ಎಂದು ಹೇಳಲಾಗದು. ಆದರೂ ಅಜ್ಜ-ಅಜ್ಜಿಯರನ್ನು ದಿನವೂ ಬಸದಿಯವರೆಗೆ ನಡೆಸಿಕೊಂಡು ಹೋಗುವುದಕ್ಕೆ ಇಷ್ಟು ಕಾರಣ ಸಾಲದೆ? ಸ್ವಾಧ್ಯಾಯದಲ್ಲಿ ಅವರಿಂದ ಒಂದು ಪುಟ ಓದಿಸಿ, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಬಿಡಿ.

ನಾವು ಮರೆಯಬಾರದ ಋಣ

ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಮೇಲೆ ಹೇಳಿದ ತಿಳಿವಳಿಕೆಯ ಬಹುಭಾಗ ಇಲಿ, ಹಕ್ಕಿ, ಕೋತಿಗಳ ಪ್ರಾಣದಿಂದ ಬಂದದ್ದು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವು ಇದನ್ನು ಓದಿ ನೆಮ್ಮದಿಯಿಂದ ಪುಟ ತಿರುಗಿಸಲಾರೆವು. ಆ ತಿಳಿವಳಿಕೆಯಿಂದ ಬರುವ ಔಷಧಿಯನ್ನು ನಾಳೆ ನಮ್ಮವರೂ ನುಂಗುತ್ತಾರೆ ಎಂಬುದೂ ನಿಜ. ಬೈದು ಕೈತೊಳೆದುಕೊಳ್ಳುವುದರಿಂದ ಈ ಋಣ ತೀರುವುದಿಲ್ಲ.

ಮನುಷ್ಯರ ವಿಷಯದಲ್ಲಿ ವಾದ ಬಗೆಹರಿಯುತ್ತಾ ಬಂದದ್ದು ಮರಣಾನಂತರ ದೊರೆತ ಮೆದುಳುಗಳಿಂದ, ಅದೂ ಬೇಗ ದೊರೆತು ಎಚ್ಚರದಿಂದ ಕಾಪಾಡಿದವುಗಳಿಂದ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮೆದುಳಿನ ಸಂಗ್ರಹಾಲಯವಿದೆ. ಬಂಧುಗಳ ಒಪ್ಪಿಗೆಯಿಂದ ದೊರೆತ ಮೆದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಜೀವ ಬಿಟ್ಟುಹೋದ ಶರೀರ ಪುದ್ಗಲವೆಂದು ನಾವು ಕಲಿತಿದ್ದೇವೆ. ನೇತ್ರದಾನವನ್ನು ನಮ್ಮ ಅನೇಕ ಮನೆಗಳು ಒಪ್ಪಿವೆ. ಇದೂ ಯಾವ ಜೀವಿಗೂ ನೋವಾಗದ ಒಂದು ದಾನ. ಗಡಿಯಾಚೆಯ ಊರುಗಳಿಂದ ದೂರ ಹೆಚ್ಚು, ಸಮಯ ಕಡಿಮೆ. ಆದ್ದರಿಂದ ಇಚ್ಛೆಯಿರುವವರು ಆರೋಗ್ಯವಾಗಿದ್ದಾಗಲೇ ಮನೆಯವರೊಡನೆ ಮಾತಾಡಿ, ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿಡುವುದು ಒಳ್ಳೆಯದು.

ಅಲ್ಲಿಯವರೆಗೆ ಮಾಡಬಹುದಾದ ಕೆಲಸ ಮನೆಯಲ್ಲೇ ಇದೆ. ಕೀಲಿಕೈ ಮಕ್ಕಳ ಕೈಯಲ್ಲೇ ಇರಲಿ. ಸಂಜೆ ಅಂಗಡಿಯ ಲೆಕ್ಕ ಮುಗಿದ ಮೇಲೆ ಅಜ್ಜನ ಪಕ್ಕದಲ್ಲಿ ಕುಳಿತು, ‘ಈ ಇಬ್ಬರಲ್ಲಿ ನಮ್ಮ ಹಳೆಯ ಗಿರಾಕಿ ಯಾರು?’ ಎಂದು ಕೇಳಿ. ಉತ್ತರ ತಪ್ಪಾಗಬಹುದು, ಸರಿಯೂ ಆಗಬಹುದು. ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ.

ಜೈ ಜಿನೇಂದ್ರ.