ಸಪೂರ ಹಗ್ಗವೆಲ್ಲ ಹಗುರವೇ?

ನಮ್ಮ ಪೇಟೆಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹಗ್ಗವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ದನ ಕಟ್ಟಲು, ಲೋಡು ಬಿಗಿಯಲು ಅದು ಧಾರಾಳವಾಯಿತು. ಆದರೆ ಕಾಫಿ ತೋಟದ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸಕ್ಕೆ, ಅದನ್ನೇ ಸೊಂಟಕ್ಕೆ ಸುತ್ತಿಕೊಂಡು ಮರ ಹತ್ತುವುದಿದೆಯಲ್ಲ, ಅಲ್ಲಿಗೆ ಅದು ಹೇಳಿದ್ದಲ್ಲ. ಅದರ ಪಾಲಿಪ್ರೊಪಿಲೀನ್ ನೂಲು ಬಿಸಿಲಿಗೆ ಒಡೆಯುತ್ತದೆ, 165 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಮರ ಹತ್ತುವ ಹಗ್ಗಗಳನ್ನು ಅಳೆಯುವ ಯುರೋಪಿನ ಮಾನದಂಡ ಇಎನ್ 1891 ಇದೆ. ನೂಲು 195 ಡಿಗ್ರಿಗಿಂತ ಕೆಳಗೆ ಕರಗಬಾರದು ಎಂದು ಅದು ಮೊದಲೇ ಗೆರೆ ಎಳೆದುಬಿಟ್ಟಿದೆ. ಹಾಗಾಗಿ ಸರಿಯಾದ ಹಗ್ಗ ಬೇಕೆನ್ನುವವರು ನೈಲಾನ್ ಅಥವಾ ಪಾಲಿಯೆಸ್ಟರಿಗೆ ಬರಲೇಬೇಕು. ಬಂದ ಕೂಡಲೇ ಕೇಳುವುದು ಒಂದೇ: ಹಗುರದ್ದು ಯಾವುದು? ಕ್ಯಾಟಲಾಗು ತೆಳ್ಳಗಿನದನ್ನು ತೋರಿಸುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಹಗ್ಗದ ಭಾರವನ್ನು ಮೊದಲು ಇಳಿಸಬೇಕಾದದ್ದು ಉದ್ದದಲ್ಲಿ, ಆಮೇಲೆ ದಪ್ಪದಲ್ಲಿ.

ಲೆಕ್ಕ ಹಾಕೋಣ. ಮರಗೆಲಸಕ್ಕೆ ಬಹುಕಾಲ ಬಳಕೆಯಲ್ಲಿದ್ದ 13 ಮಿ.ಮೀ. ದಪ್ಪದ ಹಗ್ಗ ಮೀಟರಿಗೆ ಸುಮಾರು 115 ಗ್ರಾಂ ತೂಗುತ್ತದೆ, 11 ಮಿ.ಮೀ. ಹಗ್ಗ ಸುಮಾರು 78 ಗ್ರಾಂ. ಇಪ್ಪತ್ತು ಮೀಟರ್ ಎತ್ತರದಲ್ಲಿ ಆಸರೆ ಹಿಡಿದು ಹತ್ತುವುದೆಂದು ಇಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಹಗ್ಗ ಕವಲಿನ ಮೇಲೆ ಹಾದು ಎರಡು ಎಳೆಯಾಗಿ ಇಳಿಯುತ್ತದೆ, ಹತ್ತುವವನ ಜೊತೆ ಚಲಿಸುತ್ತದೆ. ಇದಕ್ಕೆ 45 ಮೀಟರ್ ಬೇಕು. ತೆಳ್ಳಗಿನ ಹಗ್ಗವೇ ಆದರೂ ಮೂರೂವರೆ ಕಿಲೋ ಆಯಿತು. ಅದೇ ಒಂದೇ ಎಳೆಯನ್ನು ಮೇಲೆ ಬಿಗಿದು ಹತ್ತಿದರೆ 25 ಮೀಟರ್ ಸಾಕು. ದಪ್ಪ ಹಗ್ಗವೇ ಆದರೂ ಮೂರು ಕಿಲೋ ಮುಟ್ಟುವುದಿಲ್ಲ. ದಪ್ಪದ್ದೇ ಹಗುರವಾಯಿತಲ್ಲ! ಇನ್ನು ಬಲದ ಅಂಕಿಗಳಿಗೆ ಮರುಳಾಗುವುದು ವ್ಯರ್ಥ. ಇಎನ್ 1891ರ ‘ಎ’ ದರ್ಜೆಯ ಹಗ್ಗ ಕನಿಷ್ಠ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಮೀರಿದ ಎಳೆತ ತಡೆಯಬೇಕು. ಸಲಕರಣೆ ಸಮೇತ ನೂರು ಕಿಲೋದ ಮನುಷ್ಯನಿಗೆ 22 ಆದರೇನು, 30 ಆದರೇನು? ಗರಗಸದ ಹಲ್ಲು ತಾಗಿದರೆ ಎರಡೂ ಒಂದೇ ಗಳಿಗೆಯಲ್ಲಿ ಹೋಗುತ್ತವೆ.

ಆ ಮಾನದಂಡದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಣ್ಣಿಗೆ ಕಾಣದ ಒಂದು ಪಟ್ಟಿ. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಒಳಗೊಂದು ತಿರುಳು, ಹೊರಗೊಂದು ಹೆಣೆದ ಕವಚ ಇರುವ ಹಗ್ಗ ಮಾಡಿತು. ಇಎನ್ 1891ರ ಹಗ್ಗದಲ್ಲಿ ಅಂಥ ತಿರುಳಿನ ಜೊತೆಗೆ ಒಳಗೇ ಒಂದು ಸಣ್ಣ ಟೇಪು ಉದ್ದಕ್ಕೂ ಓಡುತ್ತದೆ. ತಯಾರಕರು ಯಾರು, ಯಾವ ದರ್ಜೆ, ಯಾವ ವರ್ಷ, ಯಾವ ನೂಲು ಎಂಬಿಷ್ಟು ಅದರ ಮೇಲೆ ಮೀಟರಿಗೊಮ್ಮೆಯಾದರೂ ಅಚ್ಚಾಗಿರಬೇಕು. ಹೊರಗಿನ ಚೀಟಿ ಕಿತ್ತುಹೋಗಬಹುದು, ಅಂಟು-ಮೇಣದಲ್ಲಿ ಮುಚ್ಚಿಹೋಗಬಹುದು. ಈ ಜಾತಕ ಮಾತ್ರ ಹಗ್ಗ ಇರುವವರೆಗೆ ಅದರ ಹೊಟ್ಟೆಯಲ್ಲೇ ಇರುತ್ತದೆ. ಮೀಟರಿಗೊಮ್ಮೆ ಏಕೆ? ಹಗ್ಗವನ್ನು ಜನ ಕತ್ತರಿಸುತ್ತಾರೆ, ಅದಕ್ಕೆ. ಅರವತ್ತು ಮೀಟರಿನ ಸುರುಳಿ ತಂದು, ತನ್ನ ಮರಗಳಿಗೆ ತಕ್ಕಂತೆ ಮೂವತ್ತು ಮೂವತ್ತು ಮಾಡಿಕೊಂಡರೂ ಎರಡೂ ತುಂಡುಗಳ ಪೂರ್ವೋತ್ತರ ಉಳಿಯುತ್ತದೆ. ತುದಿಗಳನ್ನು ಕರಗಿಸಿ ಮುಚ್ಚಿ, ಉದ್ದ-ದರ್ಜೆ ಬರೆದಿಟ್ಟರಾಯಿತು. ಹಗ್ಗ ಕತ್ತರಿಸುವುದೆಂದರೆ ದುಡ್ಡು ಹಾಳು ಎಂಬ ಅಂಜಿಕೆಯೇ ಅನೇಕರ ಬೆನ್ನ ಮೇಲೆ ಬೇಡದ ಭಾರ ಹೊರಿಸಿರುವುದು. ‘ಎ’ಗಿಂತ ಸಪೂರವಾದ ‘ಬಿ’ ದರ್ಜೆಯನ್ನು ಯಾರಾದರೂ ‘ಇದೇ ಹಗುರ’ ಎಂದು ದಾಟಿಸಿದರೆ ಸುಳ್ಳು ಹಿಡಿಯುವುದೂ ಈ ಟೇಪೇ.

ಉದ್ದವನ್ನೂ ಇಳಿಸಿ, ದಪ್ಪವನ್ನೂ ಇಳಿಸಿದರೆ ಇನ್ನೂ ಒಳ್ಳೆಯದಲ್ಲವೇ ಎನ್ನಬಹುದು. 25 ಮೀಟರಿಗೆ ಅದರಿಂದ ಸಿಗುವ ಉಳಿತಾಯ ಕಿಲೋಗಿಂತ ಚೂರು ಕಡಿಮೆ. ತೆರಬೇಕಾದ ಬೆಲೆ ಏನು? ಒಂದೇ ನೂಲು, ಒಂದೇ ಹೆಣಿಗೆಯಾದರೆ 11 ಮಿ.ಮೀ. ಹಗ್ಗ 13ರದ್ದಕ್ಕಿಂತ ಸುಮಾರು ಶೇ 40 ಹೆಚ್ಚು ಹಿಗ್ಗುತ್ತದೆ. ಕೊಂಬೆಯ ತುದಿಗೆ ನಡೆದು ಕೊಯ್ಯುವಾಗ ಈ ತೂಗಾಟ ಹಿತವಲ್ಲ. ಒದ್ದೆ ಕೈಗೆ ತೆಳ್ಳಗಿನದು ಹಿಡಿತ ಕೊಡುವುದಿಲ್ಲ, ಮುಷ್ಟಿ ಬೇಗ ಸೋಲುತ್ತದೆ. ಸಲಕರಣೆಗಳಿಗೂ ಮಿತಿಯಿದೆ: ಪೆಟ್ಜಲ್ ಕಂಪನಿಯ ಝಿಗ್‌ಝ್ಯಾಗ್ 11.5ರಿಂದ 13 ಮಿ.ಮೀ. ಹಗ್ಗಕ್ಕೆ ಮಾಡಿದ್ದು, 11ಕ್ಕಲ್ಲ. ಅಮೆರಿಕದ ಮರಗೆಲಸದ ಮಾನದಂಡವಂತೂ ಅರ್ಧ ಇಂಚನ್ನೇ ವಾಡಿಕೆಯಾಗಿ ಹಿಡಿದು, 11 ಮಿ.ಮೀ.ಗೆ ಷರತ್ತಿನ ಮೇಲೆ ಬಾಗಿಲು ತೆರೆಯಿತು. ನನ್ನ ಒಲವು 11.5ರಿಂದ 12ರ ನಡುವಿನ ಪಾಲಿಯೆಸ್ಟರ್ ಕವಚದ ಹಗ್ಗದ ಕಡೆಗೆ. ಮಲೆನಾಡಿನಲ್ಲಿ ಮರಗಸಿ ನಡೆಯುವುದೇ ಮಳೆಯ ಹೊಸ್ತಿಲಿನಲ್ಲಿ. ನೀರು ಕುಡಿದ ನೈಲಾನ್ ಶೇ 10ರಿಂದ 15ರಷ್ಟು ಬಲ ಕಳೆದುಕೊಳ್ಳುತ್ತದೆ, ಭಾರವೂ ಆಗುತ್ತದೆ. ಕ್ಯಾಟಲಾಗಿನ ಒಣ ತೂಕ ಜೂನ್ ತಿಂಗಳ ತೂಕವಲ್ಲ. ಬಲದಲ್ಲಿ ಉಕ್ಕನ್ನೂ ಮೀರಿಸುವ ಡೈನೀಮಾ ನೂಲು ಇದೆಯಲ್ಲ ಎಂದರೆ, ಅದು ನೀರಿನ ಮೇಲೆ ತೇಲುವಷ್ಟು ಹಗುರ, ನಿಜ. ಆದರೆ 150 ಡಿಗ್ರಿಯ ಒಳಗೇ ಕರಗುತ್ತದೆ, ಗಂಟು ಜಾರುತ್ತದೆ. ಇಳಿಯುವಾಗ ಉಜ್ಜಿ ಬಿಸಿಯಾಗುವ ಜಾಗದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ, ಅದು ಒಂದೆಳೆ ಪದ್ಧತಿಯ ಮೇಲಿನದು. ಎರಡೆಳೆಯಲ್ಲಿ, ಹತ್ತುವವನನ್ನು ಹಗ್ಗಕ್ಕೆ ಹಿಡಿದಿಡುವ ಜಾರುಗಂಟಿನ ಮೇಲೆ ಅರ್ಧ ಭಾರ ಬಿದ್ದರೆ ಇಲ್ಲಿ ಪೂರ್ತಿ ಬೀಳುತ್ತದೆ. ಬರಿಯ ಗಂಟು ಬಿಗಿದು ನಿಲ್ಲುತ್ತದೆ, ಭಾರ ಹಂಚಿಕೊಳ್ಳುವ ಸಲಕರಣೆಗೆ ಖರ್ಚು ಮಾಡಲೇಬೇಕು. ಹಗ್ಗದ ಇನ್ನೊಂದು ತುದಿಯನ್ನು ಬುಡಕ್ಕೆ ಕಟ್ಟಿದರೆ ಮೇಲಿನ ಕವಲಿನ ಮೇಲೆ ಹತ್ತುವವನ ತೂಕದ ಹತ್ತಿರ ಹತ್ತಿರ ಎರಡರಷ್ಟು ಒತ್ತಡ. ಉದ್ದವೂ ಮತ್ತೆ 45 ಮೀಟರಿಗೆ ಹೋಗಿ ನನ್ನ ಲೆಕ್ಕ ಬಿದ್ದುಹೋಗುತ್ತದೆ. ಒಪ್ಪಿದೆ. ಆದರೆ ನಮ್ಮ ತೋಟಗಳಲ್ಲಿ ಕಾಳುಮೆಣಸಿಗೆ ಆಸರೆಯಾಗಿ ನಿಂತಿರುವುದು ಹೆಚ್ಚಾಗಿ ಸಿಲ್ವರ್ ಓಕ್, ಅದರ ಪಕ್ಕದ ಕೊಂಬೆಗಳು ಪಟ್ಟನೆ ಮುರಿಯುವ ಜಾತಿ. ಹಾಲವಾಣವೂ ಮೆದು. ಇಂಥ ಮರದ ಕವಲನ್ನು ನಂಬಿ ದುಪ್ಪಟ್ಟು ಭಾರ ಹಾಕುವುದಕ್ಕಿಂತ ನೆಟ್ಟಗಿನ ಕಾಂಡಕ್ಕೇ ಸುತ್ತಿ ಬಿಗಿಯುವುದು ಕ್ಷೇಮ, ಅದಕ್ಕೆ ಗಿಡ್ಡ ಹಗ್ಗ ಸಾಕು. ಕೆಲಸ ಮುಗಿದ ಮೇಲೆ ಬಿಡಿಸಿ ಎಳೆಯಲು ಒಂದು ಸಣ್ಣ ದಾರ ಜೊತೆಗಿರಲಿ. ಕವಲು ಗಟ್ಟಿಯಿರುವ ಹಲಸು, ಮತ್ತಿಯಲ್ಲಿ ಬೇಕಾದರೆ ಎರಡೆಳೆಯೇ ಆಗಲಿ. ಮೇಲಿನವನಿಗೆ ತಲೆ ಸುತ್ತಿದರೆ ಕಾಂಡಕ್ಕೆ ಬಿಗಿದ ಹಗ್ಗವನ್ನು ಕೆಳಗಿನಿಂದ ಸಡಿಲಿಸಿ ಅವನನ್ನು ಇಳಿಸಲು ಬರುವುದಿಲ್ಲ ಎಂಬುದೂ ನಿಜವೇ. ಆಗ ಇನ್ನೊಬ್ಬ ಹತ್ತಬೇಕು, ಅವನಿಗೆ ತನ್ನದೇ ಹಗ್ಗ ಬೇಕು. ಅರವತ್ತರ ಸುರುಳಿಯಿಂದ ಉಳಿದ ಆ ಎರಡನೆಯ ತುಂಡನ್ನು, ಸೊಂಟದ ಪಟ್ಟಿ ತೊಟ್ಟ ಇನ್ನೊಬ್ಬನನ್ನು ಮರದ ಬುಡದಲ್ಲಿ ಸಿದ್ಧವಾಗಿ ಇಟ್ಟುಕೊಂಡೇ ಗರಗಸ ಮೇಲಕ್ಕೆ ಕಳಿಸಬೇಕು.