ಮಂಗಳೂರಿನ ಕಲ್ಲಚ್ಚು, ಬಳ್ಳಾರಿಯ ಅಚ್ಚುಮೊಳೆ

ಕನ್ನಡದ ಮೊದಲ ಪತ್ರಿಕೆಯನ್ನು ಎಲ್ಲೆಲ್ಲಿಯವರು ಓದುತ್ತಿದ್ದರು ಎಂಬುದಕ್ಕೆ ಒಂದು ಊರುಪಟ್ಟಿಯೇ ಇದೆ. ಮಂಗಳೂರು, ಮೈಸೂರು, ಬಳ್ಳಾರಿ, ತುಮಕೂರು, ಶಿವಮೊಗ್ಗ, ಹುಬ್ಬಳ್ಳಿ, ಶಿರಸಿ, ಹೊನ್ನಾವರ. ‘ಮಂಗಳೂರ ಸಮಾಚಾರ’ 1844ರ ಆರಂಭದಲ್ಲಿ ಮಂಗಳೂರು ಬಿಟ್ಟು ಹೊರಡುವಾಗ ಅದರ ಸಂಪಾದಕರು ಹೇಳಿದ ಹೆಸರುಗಳಿವು. ಚಿತ್ರದುರ್ಗದವನಾದ ನಾನು ಸಹಜವಾಗಿಯೇ ನಮ್ಮೂರನ್ನು ಹುಡುಕಿದೆ. ಇಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೂ ಇಲ್ಲ. ಆದರೆ ನಕಾಶೆ ಬಿಡಿಸಿದರೆ ಉತ್ತರಕ್ಕೆ ಬಳ್ಳಾರಿ, ಪಶ್ಚಿಮಕ್ಕೆ ಶಿವಮೊಗ್ಗ, ದಕ್ಷಿಣಕ್ಕೆ ತುಮಕೂರು, ನಟ್ಟನಡುವೆ ನಾವು. ಆಗ ಮೈಸೂರು ಸೀಮೆ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿತ್ತು. ‘ಚಿತ್ರದುರ್ಗ ವಿಭಾಗ’ದ ಸೂಪರಿಂಟೆಂಡೆಂಟ್ ಡಾಬ್ಸ್ ಸಾಹೇಬರು ಠಿಕಾಣಿ ಹೂಡಿದ್ದದ್ದು ತುಮಕೂರಿನಲ್ಲಿ. ಹಾಗಾಗಿ ತುಮಕೂರಿಗೆ ಬಂದ ಪತ್ರಿಕೆ ನಮ್ಮ ವಿಭಾಗದ ಕಚೇರಿಯಿದ್ದ ಊರಿಗೇ ಬಂದಂತಾಯಿತು. ಇಷ್ಟು ಸಂಬಂಧ ಸಾಕು, ಕಥೆ ಹೇಳಲು.

ಸಂಪಾದಕರ ಹೆಸರು ಹರ್ಮನ್ ಮೊಗ್ಲಿಂಗ್. 1811ರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬಲ್ಲಿ ಹುಟ್ಟಿದವರು. ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರ ಓದಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿ, 1836ರ ಕೊನೆಗೆ ಮಂಗಳೂರಿಗೆ ಬಂದಿಳಿದಾಗ ವಯಸ್ಸು ಇಪ್ಪತ್ತೈದು. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಎರಡು ವರ್ಷ ಮೊದಲೇ ಬಂದು ನೆಲೆ ಮಾಡಿಕೊಂಡಿದ್ದರು.

ಮಂಗಳೂರಿನಲ್ಲಿ ಒಂದು ದಿನ ಕಳೆಯಲು ಎಷ್ಟು ಭಾಷೆ ಬೇಕು ಎಂಬುದು ಅಲ್ಲಿ ಬಾಳಿದವರಿಗೇ ಗೊತ್ತು. ಗದ್ದೆಯಲ್ಲಿ, ಬೀದಿಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರದಲ್ಲಿ ಬ್ಯಾರಿ, ಕಚೇರಿಯ ಕಾಗದದಲ್ಲಿ ಕನ್ನಡ, ಕಲೆಕ್ಟರ ಎದುರು ಇಂಗ್ಲಿಷ್. ಮಿಷನ್ ಮನೆಯೊಳಗೆ ಜರ್ಮನ್. ಗ್ರೈನರ್ ತುಳುವನ್ನು ಹಿಡಿದರು. ಮೊಗ್ಲಿಂಗ್ ಕನ್ನಡವನ್ನು ಆರಿಸಿಕೊಂಡರು. ಘಟ್ಟ ಹತ್ತಿದರೆ ಧಾರವಾಡದಿಂದ ಮೈಸೂರಿನವರೆಗೂ ನಡೆಯುವ ಮಾತು ಅದೊಂದೇ. ಬಂದ ಒಂದೆರಡು ವರ್ಷಗಳಲ್ಲೇ ಧಾರವಾಡ, ಹುಬ್ಬಳ್ಳಿ ಕಡೆ ಇದ್ದು ಬಂದದ್ದೂ ಅವರಿಗೆ ಒದಗಿತು. ಕರಾವಳಿಯ ಕಾಗದದ ಕನ್ನಡ ಬೇರೆ, ಹುಬ್ಬಳ್ಳಿ ಸಂತೆಯ ಕನ್ನಡ ಬೇರೆ ಎಂದು ಕಿವಿಯಾರೆ ಕೇಳಿದ ಮನುಷ್ಯ.

ಮತ್ತೆ ಮಂಗಳೂರಿಗೆ ಬಂದ ಮೇಲೆ ಅವರ ದಿನಚರಿ ಮೇಷ್ಟರದು. ಕಲೆಕ್ಟರಾಗಿದ್ದ ಬ್ಲೇರ್ ಬಿಟ್ಟುಕೊಟ್ಟ ಬಲ್ಮಠದ ಗುಡ್ಡದಲ್ಲಿ ಹುಡುಗರ ವಸತಿಶಾಲೆ. ಪಾಠ, ಪ್ರಾರ್ಥನೆ, ಹುಡುಗರ ಊಟ, ಜ್ವರ, ಜಗಳ, ಬಿಡುವಾದಾಗ ಕನ್ನಡದ ಓದು. ಮಿಷನರಿ ಎಂದರೆ ಬೀದಿಯಲ್ಲಿ ನಿಂತು ಉಪದೇಶ ಹೇಳುವವನು ಎಂದು ನಾವು ಅಂದುಕೊಳ್ಳುತ್ತೇವೆ. ಇವರ ಹೆಚ್ಚಿನ ಹೊತ್ತು ಕಳೆದದ್ದು ಮಕ್ಕಳ ನಡುವೆ. ಪತ್ರಿಕೆ ಹುಟ್ಟಿದ್ದು ಈ ಮೇಷ್ಟರಿಕೆಯಿಂದ ಎಂದೇ ನನ್ನ ನಂಬಿಕೆ. ಓದು ಕಲಿಸಿದ ಮೇಲೆ ಓದಲು ಏನಾದರೂ ಕೊಡಬೇಕಲ್ಲ?

ಇನ್ನೊಂದು ಕಾರಣ ಗಾಳಿಸುದ್ದಿ. ಅವರು ಬಂದ ನಾಲ್ಕೇ ತಿಂಗಳಿಗೆ, 1837ರ ಏಪ್ರಿಲ್‌ನಲ್ಲಿ, ಕೊಡಗು ಮತ್ತು ತುಳುನಾಡಿನ ರೈತರು ದಂಡೆದ್ದು ಮಂಗಳೂರಿಗೆ ನುಗ್ಗಿದರು. ಊರವರು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುವ ಆ ದಂಗೆಯಲ್ಲಿ ಇಂಗ್ಲಿಷ್ ಅಧಿಕಾರಿಗಳು ಕಂಗಾಲಾಗಿ ಹಡಗು ಹತ್ತಿದರು. ಅಂಥ ಹೊತ್ತಿನಲ್ಲಿ ಕಟ್ಟೆಯಿಂದ ಕಟ್ಟೆಗೆ ಮಾತು ಹೇಗೆ ಬೆಳೆಯುತ್ತದೆ ಎಂದು ವಿವರಿಸಬೇಕಿಲ್ಲ. ಪರಸ್ಥಳದ ವರ್ತಮಾನ ತಿಳಿಯದವರು ಕಿಟಕಿಯಿಲ್ಲದ ಮನೆಯಲ್ಲಿ ಇರುವವರಂತೆ ಎಂಬ ಅರ್ಥದ ಮಾತು ‘ಸಮಾಚಾರ’ದ ಮೊದಲ ಸಂಚಿಕೆಯಲ್ಲೇ ಇದೆ.

ಸಾಧನ ಒದಗಿಸಿದವರು ಮೊಗ್ಲಿಂಗರ ದಾಯಾದಿ ವೈಗ್ಲೆ. ಅವರು 1841ರಲ್ಲಿ ಮುಂಬಯಿಯಿಂದ ಒಂದು ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಸಬಲ್ಲ ಇಬ್ಬರು ಮರಾಠಿ ಕೆಲಸಗಾರರನ್ನೂ ಕರೆತಂದರು. ಪತ್ರಿಕೋದ್ಯಮದ ದಿನಾಚರಣೆಯ ಭಾಷಣಗಳಲ್ಲಿ ಆ ಇಬ್ಬರ ಪ್ರಸ್ತಾಪವೇ ಬರುವುದಿಲ್ಲ. ಕೈ ಮಸಿಯಾದದ್ದು ಅವರದು.

ಕಲ್ಲಚ್ಚು ಎಂದರೆ ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ದಪ್ಪ ಚಪ್ಪಡಿ. ಜಿಡ್ಡಿನ ಮಸಿಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ತಿರುಗುಮುರುಗಾಗಿ ಇಳಿಸುತ್ತಾರೆ. ಆಮೇಲೆ ನೀರು ಸವರುತ್ತಾರೆ. ಬರಿಯ ಕಲ್ಲು ನೀರು ಹೀರುತ್ತದೆ, ಜಿಡ್ಡಿನ ಅಕ್ಷರ ನೀರನ್ನು ಒಲ್ಲದು. ಈಗ ಮಸಿಯ ಉರುಳೆ ಆಡಿಸಿದರೆ ಒದ್ದೆ ಕಲ್ಲು ಮಸಿಯನ್ನು ಒಲ್ಲದು, ಅಕ್ಷರ ಮಾತ್ರ ಹಿಡಿಯುತ್ತದೆ. ಕಾಗದ ಹಾಸಿ ಒತ್ತಿದರೆ ಒಂದು ಹಾಳೆ ಸಿದ್ಧ. ಮುಂದಿನ ಹಾಳೆಗೆ ಮತ್ತೆ ನೀರು, ಮತ್ತೆ ಮಸಿ. ಕನ್ನಡಕ್ಕೆ ಇದರಲ್ಲೊಂದು ಅನುಕೂಲವಿತ್ತು. ಗುಣಿತ, ಒತ್ತಕ್ಷರಗಳಿಗೆಂದು ನೂರಾರು ಮೊಳೆ ಎರಕ ಹೊಯ್ಯಬೇಕಿಲ್ಲ; ಅಕ್ಷರ ದುಂಡಗೆ ಬರೆಯುವ ಒಬ್ಬ ಮನುಷ್ಯನಿದ್ದರೆ ಸಾಕು. ಅದೇ ಕಾಲಕ್ಕೆ ನಮ್ಮ ಕಡೆಯ ಶಾನುಭೋಗರು ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಕೈಬರಹ ಓದಿ ಪಳಗಿದ ಅಂಥ ಕಣ್ಣಿಗೆ ಕಲ್ಲಚ್ಚಿನ ಪತ್ರಿಕೆ ಅಪರಿಚಿತ ಎನಿಸಿರಲಾರದು.

1843ರ ಜುಲೈ 1ರಂದು ಮೊದಲ ಸಂಚಿಕೆ ಹೊರಬಂತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪ, ಬೇರೆ ರಾಜ್ಯಗಳ ಸುದ್ದಿ, ಸುಬುದ್ಧಿಯ ಮಾತು, ಕಥೆ, ಜೊತೆಗೆ ದಾಸರ ಪದಗಳು. ಕ್ರೈಸ್ತ ಮತದ ಪ್ರಚಾರಕ್ಕೆ ಬಂದವರ ಪತ್ರಿಕೆಯಲ್ಲಿ ಪುರಂದರದಾಸರು! ಇದನ್ನು ಕಂಡು ಮೊಗ್ಲಿಂಗ್ ಉದಾರಿ ಎನ್ನುವವರಿದ್ದಾರೆ, ಜನರನ್ನು ಸೆಳೆಯುವ ಉಪಾಯ ಎನ್ನುವವರೂ ಇದ್ದಾರೆ. ಎರಡೂ ಇದ್ದೀತು. ಮತಾಂತರ ಅವರ ಬದುಕಿನ ಉದ್ದೇಶವಾಗಿತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. ‘ಕನ್ನಡ ಪತ್ರಿಕೋದ್ಯಮದ ಪಿತಾಮಹ’ ಎಂದು ಹಾರ ಹಾಕುವ ನಾವು ಮಾತ್ರ ಅದನ್ನು ಮರೆತಂತೆ ನಟಿಸುತ್ತೇವೆ.

1844ರ ಜನವರಿಯಲ್ಲಿ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಮತ್ತು ಗೆಳೆಯರು ದೀಕ್ಷಾಸ್ನಾನ ಪಡೆದರು. ಮಂಗಳೂರು ಕೆರಳಿ ಕೆಂಡವಾಯಿತು. ಫೆಬ್ರವರಿ 15ರ ಸಂಚಿಕೆಯೇ ಮಂಗಳೂರಿನಲ್ಲಿ ಕೊನೆಯದಾಯಿತು. ಈ ಎರಡಕ್ಕೂ ಗಂಟು ಹಾಕಲು ಮನಸ್ಸು ಹಾತೊರೆಯುತ್ತದೆ. ಪತ್ರಿಕೆ ಕೊಟ್ಟ ಕಾರಣ ಮಾತ್ರ ಬೇರೆ. ಓದುಗರು ಘಟ್ಟದ ಮೇಲೂ ಹಬ್ಬಿದ್ದಾರೆ, ಕಲ್ಲಚ್ಚು ಸಾಲದು, ಬಳ್ಳಾರಿಯಲ್ಲಿ ಅಚ್ಚುಮೊಳೆಯ ಮುದ್ರಣವಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ನೆಲೆಸಿ ಕನ್ನಡ ಬೈಬಲ್ ಅನುವಾದ ನಡೆಸಿದ ಊರು ಅದು. ಮಾರ್ಚ್ 1ರಿಂದ ಪತ್ರಿಕೆ ಅಲ್ಲಿ ಅಚ್ಚಾಗತೊಡಗಿತು. ಹೆಸರೂ ಬದಲಾಯಿತು: ‘ಕನ್ನಡ ಸಮಾಚಾರ’. ಒಂದು ಊರಿನ ಪತ್ರಿಕೆ ಒಂದು ಭಾಷೆಯ ಪತ್ರಿಕೆಯಾದದ್ದು ಹೀಗೆ. ಕನ್ನಡ ನಾಡು ಮದರಾಸು, ಮುಂಬಯಿ, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಏಕೀಕರಣಕ್ಕೆ ನೂರಹನ್ನೆರಡು ವರ್ಷ ಮೊದಲು, ಆ ಎಂಟು ಊರುಗಳನ್ನು ಒಂದೇ ಸಾಲಿನಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ. ಅದನ್ನು ಒಬ್ಬ ಜರ್ಮನ್ ಮಾಡಬೇಕಾಯಿತು.

ಮೊಗ್ಲಿಂಗ್ 1846ರಲ್ಲಿ ಯುರೋಪಿಗೆ ಹೊರಟಾಗ ಕೌಂಡಿನ್ಯರನ್ನೂ ಬಾಸೆಲ್‌ಗೆ ಕರೆದೊಯ್ದರು. ಪರದೇಶವಾಸದ ಸರದಿ ಈಗ ಮಂಗಳೂರ ಹುಡುಗನದು. ಅಲ್ಲಿ ಓದಿ, ಪಾದ್ರಿಯಾಗಿ ಅವರು ಮರಳಿದ್ದು 1851ರಲ್ಲಿ. ಅಷ್ಟರಲ್ಲಿ ಭಾರತಕ್ಕೆ ಹಿಂದಿರುಗಿದ್ದ ಮೊಗ್ಲಿಂಗ್, ನ್ಯಾಯಾಧೀಶ ಕ್ಯಾಸಮೇಜರ್ ಕೊಟ್ಟ ಹಣದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. 1853ರಲ್ಲಿ ಕೊಡಗಿಗೆ ಹೋದರು. 1881ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು.

ಬಳ್ಳಾರಿಯ ‘ಕನ್ನಡ ಸಮಾಚಾರ’ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಬಳ್ಳಾರಿಯಿಂದ ತುಮಕೂರಿಗೆ ನೇರ ದಾರಿ ನಮ್ಮ ಸೀಮೆಯ ಮೇಲೆಯೇ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಹಳೆಯ ಶಾನುಭೋಗರ, ಅಮಲ್ದಾರರ ಮನೆಗಳ ಅಟ್ಟದಲ್ಲಿ ಕಾಗದದ ಗಂಟುಗಳು ಇನ್ನೂ ಇವೆ. ಮನೆ ಕೆಡವುವಾಗ ಅವನ್ನು ರದ್ದಿಗೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ಬಿಚ್ಚಿ ನೋಡಿ. 1844ರ ಇಸವಿಯ, ಆ ಹೆಸರಿನ ಒಂದು ಹಾಳೆ ಸಿಕ್ಕರೂ ರಾಜ್ಯ ಪತ್ರಾಗಾರಕ್ಕೋ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೋ ತಿಳಿಸಿ.